ಎಫಿಯ ಅಡುಗೆಮನೆಗೆ ಬಂದ ವೇಷದವರು

ಎಫಿ ಮ್ಯಾಕಿನ್ನಿಸ್ ಯಾವ ಮಾತನ್ನೂ ಕೇಳಿದ ಕೂಡಲೇ ನಂಬಿದವಳಲ್ಲ. ಅಂಗಡಿಯ ವ್ಯಾನು ಮನೆ ಮುಂದೆ ನಿಂತರೆ ಬ್ರೆಡ್ಡನ್ನು ಒತ್ತಿ ನೋಡುವಳು, ಮೂಸಿ ನೋಡುವಳು, ಆಮೇಲೆ ವ್ಯಾನಿನವನ ಮುಖವನ್ನೂ ಒಮ್ಮೆ ನೋಡುವಳು. ಪೂಜೆ ಮುಗಿಸಿ ಹೊರಬಂದ ಪಾದ್ರಿಗಳು ‘ಇವತ್ತು ಬಿಸಿಲು ಚೆನ್ನಾಗಿದೆ’ ಎಂದರೆ, ತಲೆಯೆತ್ತಿ ಆಕಾಶವನ್ನು ಖಾತ್ರಿ ಮಾಡಿಕೊಂಡೇ ‘ಹೌದು ಫಾದರ್’ ಎನ್ನುವಳು. ಹೆಕ್ಟರ್ ಮದುವೆಯಾಗುತ್ತೀಯಾ ಎಂದು ಕೇಳಿದ ದಿನ ಅವಳು ನಾಚಲಿಲ್ಲ, ನಗಲೂ ಇಲ್ಲ, ‘ಯಾಕೆ?’ ಎಂದು ಕೇಳಿದಳಂತೆ. ಅವನು ಕೊಟ್ಟ ಉತ್ತರ ಅವಳಿಗೆ ಸಮಾಧಾನವಾಗುವಷ್ಟರಲ್ಲಿ ಒಂದು ಚಳಿಗಾಲ ಕಳೆದುಹೋಗಿತ್ತು. ಹೆಕ್ಟರ್ ಇದನ್ನು ಹತ್ತು ಜನರ ಮುಂದೆ ಹೇಳಿ ನಗುತ್ತಿದ್ದ. ಎಫಿ ಮಾತ್ರ, ಕೇಳಿದ್ದರಲ್ಲಿ ತಪ್ಪೇನಿದೆ ಎನ್ನುವಂತೆ ಅವನನ್ನು ನೋಡುತ್ತಿದ್ದಳು.

ಇಂಥ ಹೆಂಗಸಿಗೆ ಕಿಲ್ವಾನಿ ಎಂಬ ಆ ದ್ವೀಪದ ಹಳ್ಳಿಯಲ್ಲಿ ಅಷ್ಟೇನೂ ಮೆಚ್ಚುಗೆ ಇರಲಿಲ್ಲ. ಮಾತಾಡಿಸಿದರೆ ವಿಚಾರಣೆಗೆ ನಿಲ್ಲಿಸಿದ ಹಾಗಾಗುತ್ತದೆ ಎಂದು ಜನ ಅವಳ ಬಾಗಿಲು ಬಿಟ್ಟು ಆಚೆ ಬದಿಯಿಂದ ಹೋಗುವುದೂ ಇತ್ತು. ಆದರೆ ಅಕ್ಟೋಬರ್ ಕೊನೆಗೆ, ವೇಷ ಹಾಕಿ ಮನೆಮನೆ ತಿರುಗುವ ಹ್ಯಾಲೋವೀನ್ ಸಂಜೆ ಮಾತ್ರ ಊರಿನ ಅಷ್ಟೂ ಮಕ್ಕಳು ಮೊದಲು ಹುಡುಕಿಕೊಂಡು ಹೋಗುತ್ತಿದ್ದುದು ಅವಳ ಮನೆಯನ್ನೇ.

ಹೊತ್ತು ಮುಳುಗುತ್ತಿದ್ದಂತೆ ಟರ್ನಿಪ್ ಗಡ್ಡೆ ಕೊರೆದು ಮಾಡಿದ ದೀಪಗಳು ಜೌಗಿನ ಕಾಲುದಾರಿಯಲ್ಲಿ ಸಾಲಾಗಿ ಬರುತ್ತಿದ್ದವು. ವೇಷದವರು ಕದ ತಟ್ಟುವುದಿಲ್ಲ. ಸೀದಾ ಅಡುಗೆಮನೆಗೆ ನುಗ್ಗಿ ನಡುವೆ ನಿಂತುಬಿಡುತ್ತಾರೆ. ಮೈಗೆ ಕುರಿತೊಗಲು, ಗೋಣಿ, ಹುಲ್ಲು, ಮುಖಕ್ಕೆ ಕಣ್ಣು ತೂತು ಮಾಡಿದ ಕಾಲುಚೀಲ, ಕೈಗೂ ಕಾಲುಚೀಲವೇ. ಗಂಡು ಹೆಣ್ಣಾಗಿರುತ್ತದೆ, ಹೆಣ್ಣು ಗಂಡಾಗಿರುತ್ತದೆ. ಮಾತಾಡಿದರೆ ದನಿ ಸಿಕ್ಕಿಬೀಳುತ್ತದೆಂದು ಉಸಿರನ್ನು ಒಳಕ್ಕೆ ಎಳೆದುಕೊಳ್ಳುತ್ತಲೇ ಒಂದೊಂದು ಮಾತಾಡುತ್ತಾರೆ. ಮನೆಯವರು ಯಾರು ಯಾರೆಂದು ಹೇಳಬೇಕು. ಹೆಸರು ಸರಿಯಾಗಿ ಹೇಳಿದರೆ ಮುಖ ತೆಗೆಯಲೇಬೇಕು. ಹೇಳಲಾಗದಿದ್ದರೆ ಮುಖ ತೆಗೆಯದೆಯೇ ತಿಂದು, ಕುಡಿದು, ಗೆದ್ದವರ ಹಾಗೆ ಹೊರಟುಹೋಗಬಹುದು.

ಎಫಿಯ ಕಣ್ಣಿನಿಂದ ತಪ್ಪಿಸಿಕೊಂಡು ಹೋದ ವೇಷ ಇಲ್ಲ ಎಂದು ಊರೇ ಹೇಳುತ್ತಿತ್ತು. ಅವಳು ಮುಖವಾಡವನ್ನು ನೋಡುತ್ತಲೇ ಇರಲಿಲ್ಲ. ಒಲೆಗೆ ಬೆನ್ನು ಕೊಟ್ಟು ನಿಂತದ್ದು ಕಂಡರೆ ‘ನೀನು ಪೋಸ್ಟಿನವನ ಮಗ, ನಿಮ್ಮಪ್ಪನೂ ಹೀಗೇ ಬೆನ್ನು ಕಾಯಿಸೋದು’ ಎನ್ನುವಳು. ತಟ್ಟೆ ಮುಂದೆ ಇಟ್ಟಾಗ ಹಿಂದಕ್ಕೆ ಸರಿದವಳಿಗೆ ‘ನೀನು ಟೀಚರಮ್ಮನ ತಂಗಿ, ಹಸಿವಿದ್ರೂ ಬೇಡ ಅನ್ನೋ ಜಾತಿ’ ಎನ್ನುವಳು. ವರ್ಷವಿಡೀ ಎಲ್ಲರನ್ನೂ ಓರೆಗಣ್ಣಿನಿಂದ ನೋಡಿದ್ದು ಆ ಒಂದು ಸಂಜೆ ಅವಳ ಉಪಯೋಗಕ್ಕೆ ಬರುತ್ತಿತ್ತು.

ಅವಳನ್ನು ಸೋಲಿಸಿದವನು ಒಬ್ಬನೇ ಒಬ್ಬ. ಏಡಿ ಹಿಡಿಯುವ ರೋನಾಲ್ಡ್‌ನ ಮಗ ಫಿನ್ಲೇ. ಚಿಕ್ಕವನಿದ್ದಾಗ ಒಂದು ಸಲ ಒಬ್ಬನೇ ಬಂದು, ಹೆಸರು ಹೇಳಿಸಿಕೊಳ್ಳದೆ, ಹೊಟ್ಟೆ ತುಂಬ ತಿಂದು ಹೋಗಿದ್ದ. ಅದನ್ನು ಅವನು ದೊಡ್ಡವನಾದ ಮೇಲೂ ಜಂಬ ಕೊಚ್ಚಿಕೊಳ್ಳುವುದು ಬಿಟ್ಟಿರಲಿಲ್ಲ. ಎಫಿ ಆ ವಿಷಯ ಬಂದಾಗ ಏನೂ ಹೇಳುತ್ತಿರಲಿಲ್ಲ.

ಅವಳ ಸ್ವಂತ ಮಕ್ಕಳಿಬ್ಬರು. ದೊಡ್ಡವನು ಲಾಕ್ಲನ್, ಅವನಿಗಿಂತ ಐದು ವರ್ಷಕ್ಕೆ ಚಿಕ್ಕವಳು ಮಾರ್ಸಲಿ. ಮನೆಯಲ್ಲಿ ವೇಷ ಕಟ್ಟಿದರೆ ಅಮ್ಮನಿಗೆ ಗೊತ್ತಾಗುತ್ತದಲ್ಲ, ಅದಕ್ಕೇ ಅವರು ಹೆಕ್ಟರ್‌ನ ತಂಗಿ ಕ್ಯಾಥಿಯ ಮನೆಗೆ ಹೋಗಿ ಅಲ್ಲಿ ಸಿದ್ಧವಾಗಿ ಬರುತ್ತಿದ್ದರು. ಲಾಕ್ಲನ್ ಮರಗಾಲು ಕಟ್ಟಿಕೊಂಡು ಬರಲಿ, ಹುಲ್ಲಿನ ಹೊರೆಯಾಗಿ ಉರುಳಿಕೊಂಡು ಬರಲಿ, ಎಫಿ ಗುರುತು ಹಿಡಿಯದವಳ ಹಾಗೆ ಒಂದಿಷ್ಟು ಹೊತ್ತು ತಲೆ ಕೆರೆದುಕೊಂಡು ಆಟ ಆಡಿಸುವಳು. ಮಾರ್ಸಲಿಯ ವಿಷಯದಲ್ಲಿ ಮಾತ್ರ ಹಾಗೆ ಮಾಡುವಂತಿರಲಿಲ್ಲ. ಮೊದಲ ಸಲ ವೇಷ ಹಾಕಿದಾಗ ಅವಳಿಗೆ ನಾಲ್ಕು ವರ್ಷ. ಕರಿ ಟಗರಿನ ಹಳೆಯ ತೊಗಲು ಹೊದ್ದು, ಅದನ್ನು ನೆಲದ ಮೇಲೆ ಎಳೆದುಕೊಂಡು ಬಂದಿದ್ದಳು. ಎಫಿ ‘ಈ ಕುರಿಮರಿ ಯಾರ ಮನೇದಪ್ಪಾ? ನಾನು ಕಂಡೇ ಇಲ್ಲವಲ್ಲ’ ಎಂದಳು. ಕಾಲುಚೀಲದ ಒಳಗಿಂದ ಒಂದು ಬಿಕ್ಕು ಕೇಳಿಸಿತು. ಮರುಗಳಿಗೆಯಲ್ಲೇ ಮಗು ತೊಗಲನ್ನು ಕಿತ್ತೆಸೆದು, ‘ನಾನಮ್ಮಾ! ನಾನೇ!’ ಎಂದು ಕಿರುಚಿ ಅವಳ ಕಾಲನ್ನು ತಬ್ಬಿಕೊಂಡಿತು. ರಾತ್ರಿ ಮಲಗುವಾಗಲೂ ‘ನಿಜವಾಗ್ಲೂ ಗೊತ್ತಾಗ್ಲಿಲ್ವಾ?’ ಎಂದು ಕೇಳಿತು. ಅಂದಿನಿಂದ ಎಫಿ ಗುಂಪಿನಲ್ಲಿ ಯಾರೇ ಇರಲಿ, ಮೊದಲು ಹೇಳುವ ಹೆಸರು ಮಾರ್ಸಲಿಯದೇ.

ಅದೇ ಕರಿ ತೊಗಲು ವರ್ಷ ವರ್ಷವೂ ಬಂತು. ನೆಲಕ್ಕೆ ಎಳೆಯುತ್ತಿದ್ದುದು ಹಿಮ್ಮಡಿಗೆ ಬಂತು, ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಲಾಕ್ಲನ್ ಮೀಸೆ ಚಿಗುರಿದ ಕೂಡಲೇ ವೇಷ ಬಿಟ್ಟು, ಆ ರಾತ್ರಿ ಊರವರ ಗೇಟು ಕಿತ್ತು ಅಡಗಿಸುವ ಪಡ್ಡೆ ಹುಡುಗರ ಜೊತೆ ಸೇರಿದ. ಆಮೇಲೆ ಅದನ್ನೂ ಬಿಟ್ಟು ಹೆರಿಂಗ್ ಮೀನು ಹಿಡಿಯುವ ದೋಣಿಗೆ ಹೋದ. ಮಾರ್ಸಲಿ ಮಾತ್ರ ಬಿಡಲಿಲ್ಲ. ಬಾಗಿಲಲ್ಲಿ ಕಾಲಿಟ್ಟ ತಕ್ಷಣ ‘ಮಾರ್ಸಲಿ’ ಎನ್ನಿಸಿಕೊಂಡು, ‘ಅಯ್ಯೋ ಹೋಗಮ್ಮಾ’ ಎಂದು ಕಾಲುಚೀಲ ಎಳೆದು ಬಿಸಾಕುವುದು ನಡೆದೇ ಇತ್ತು. ಮೊದಮೊದಲು ಆ ಮಾತಿನಲ್ಲಿ ಖುಷಿಯಿತ್ತು. ಬರುಬರುತ್ತಾ ಅದು ಸಿಡುಕಾಯಿತು. ಎಫಿ ಅದನ್ನು ಗಮನಿಸಲಿಲ್ಲ, ಎಲ್ಲವನ್ನೂ ಗಮನಿಸುವ ಅವಳು.

ಮಾರ್ಸಲಿಗೆ ಹದಿನೇಳಾದ ವರ್ಷ ಎಫಿಗೆ ಅನುಮಾನ ಶುರುವಾಯಿತು.

ಮೊದಲ ಕಾರಣ, ಹುಡುಗಿ ಒಳ್ಳೆಯವಳಾದದ್ದು. ಹೇಳದೆಯೇ ಒಲೆಗೆ ಜೌಗಿನಿಂದ ಕಡಿದು ಒಣಗಿಸಿದ ಪೀಟಿನ ಹೆಂಟೆ ತಂದಿಡುವಳು, ಹಸುವಿನ ಹಾಲು ಕರೆಯುವಳು, ‘ನೀನು ಕೂತ್ಕೋ ಅಮ್ಮಾ, ದಣಿದಿದ್ದೀಯ’ ಎನ್ನುವಳು. ಎರಡನೆಯದು, ಶಾಲೆಯ ಅಡುಗೆಮನೆಯ ಕೆಲಸ ಮುಗಿಸಿ ಮನೆಗೆ ಬರುವುದು ತಡವಾಗತೊಡಗಿತು.

‘ಎಲ್ಲಿದ್ದೆ?’

‘ಕ್ಯಾಥಿ ಅತ್ತೆ ಮನೇಲಿ.’

‘ಕ್ಯಾಥಿ ಮನೆ ದಾರೀಲಿ ಬರೀ ಜೌಗು. ಶೂ ತುಂಬ ಮರಳು ಎಲ್ಲಿಂದ ಬಂತು?’

‘ಅಯ್ಯೋ ಅಮ್ಮಾ, ಇದು ದ್ವೀಪ. ಮರಳು ಎಲ್ಲಿಲ್ಲ ಹೇಳು.’

ಉತ್ತರ ಸರಿಯಾಗಿತ್ತು. ಅಷ್ಟು ಸರಿಯಾಗಿದ್ದುದರಿಂದಲೇ ಎಫಿಗೆ ನಂಬಿಕೆ ಬರಲಿಲ್ಲ. ಮಾರ್ಸಲಿ ಒಳಗೆ ಹೋದ ಮೇಲೆ ಅವಳ ಶಾಲನ್ನು ಎತ್ತಿ ಮೂಸಿದಳು. ಡಾಂಬರಿನ ವಾಸನೆ. ಕ್ಯಾಥಿಯ ಮನೆಯಲ್ಲಿ ಡಾಂಬರು ಬಳಿಯುವಂಥದ್ದು ಏನೂ ಇರಲಿಲ್ಲ. ಡಾಂಬರು ಇರುವುದು ದೋಣಿಯ ಶೆಡ್ಡಿನಲ್ಲಿ. ದಡದಲ್ಲಿ ದೋಣಿ ಶೆಡ್ಡು ಇದ್ದವರು ರೋನಾಲ್ಡ್ ಮತ್ತು ಅವನ ಮಗ.

ಫಿನ್ಲೇ ಮೇಲೆ ಅವಳಿಗೆ ಹಳೆಯ ಕೋಪವೂ ಇತ್ತು. ಒಂದು ಹ್ಯಾಲೋವೀನ್‌ನಲ್ಲಿ ಅವಳ ಗೇಟು ಮಾಯವಾಗಿ, ಬೆಳಿಗ್ಗೆ ನೋಡಿದರೆ ಕೆರೆಯ ನಡುವಿನ ಬಂಡೆಯ ಮೇಲೆ ನಿಂತಿತ್ತು. ಕಟ್ಟಿದ್ದ ಹಗ್ಗದ ಗಂಟು ನೋಡಿಯೇ ಯಾರ ಕೆಲಸವೆಂದು ಅವಳು ಹೇಳಿದ್ದಳು.

ಆಮೇಲೆ ಮನೆಯಲ್ಲಿ ಒಂದೊಂದೇ ವಸ್ತು ಕಾಣೆಯಾಗತೊಡಗಿತು. ಮೊದಲು ಅವಳ ಕಂದು ಬಣ್ಣದ ಹಳೆಯ ಕೋಟು. ಆಮೇಲೆ ತಲೆಗೆ ಕಟ್ಟುವ ಚೌಕ. ಕೊನೆಗೆ ಗಂಡನ ಬಟ್ಟೆ.

‘ನಿಮ್ಮ ಭಾನುವಾರದ ಪ್ಯಾಂಟು ಎಲ್ಲಿ?’ ಎಂದು ಹೆಕ್ಟರ್‌ನನ್ನು ಕೇಳಿದಳು.

‘ಪೆಟ್ಟಿಗೇಲಿರ್ಬೇಕು.’

‘ಪೆಟ್ಟಿಗೇಲಿಲ್ಲ.’

‘ಹಾಗಾದ್ರೆ ಬೇರೆ ಎಲ್ಲಾದ್ರೂ ಇರ್ಬೇಕು’ ಎಂದು ಹೆಕ್ಟರ್ ಬಲೆಯ ಗಂಟು ಬಿಗಿಯುತ್ತಾ ಕುಳಿತ.

ಆ ರಾತ್ರಿ ಎಫಿಗೆ ನಿದ್ದೆ ಹತ್ತಲಿಲ್ಲ. ಅವಳ ಚಿಕ್ಕಮ್ಮನ ಮಗಳೊಬ್ಬಳು ಹ್ಯಾಲೋವೀನ್ ವೇಷದಲ್ಲೇ ಮನೆ ಬಿಟ್ಟು, ಗಂಡಸಿನ ಬಟ್ಟೆಯಲ್ಲಿ ಹಡಗು ಹತ್ತಿ, ಒಬ್ಬ ಹುಡುಗನ ಜೊತೆ ಗ್ಲಾಸ್ಗೋ ಸೇರಿದ್ದಳು. ಮುಖ ಮುಚ್ಚಿಕೊಂಡು ಊರೆಲ್ಲ ತಿರುಗಿದರೂ ಯಾರೂ ಪ್ರಶ್ನೆ ಕೇಳದ ಸಂಜೆ ವರ್ಷಕ್ಕೆ ಅದೊಂದೇ. ಹೆಕ್ಟರ್‌ನ ಪ್ಯಾಂಟು ಎಲ್ಲಿ ಹೋಯಿತೆಂಬುದಕ್ಕೆ ಅವಳಿಗೆ ಬೇರೆ ಅರ್ಥವೇ ಹೊಳೆಯಲಿಲ್ಲ.

ಮರುದಿನ ತಪ್ಪಿಸಿಕೊಂಡ ಕುರಿ ಹುಡುಕುವ ನೆಪದಲ್ಲಿ ಅವಳು ದಡಕ್ಕೆ ಹೋದಳು. ಮರಳುದಿಬ್ಬದ ಹುಲ್ಲಿನ ಮರೆಯಲ್ಲಿ ಬಗ್ಗಿ ನೋಡಿದರೆ, ಅನುಮಾನ ಪಟ್ಟಿದ್ದೆಲ್ಲ ಕಣ್ಣೆದುರೇ ಇತ್ತು. ಕೆಳಗೆ ಒದ್ದೆ ಮರಳಿನ ಮೇಲೆ ಮಾರ್ಸಲಿ ಮತ್ತು ಫಿನ್ಲೇ. ಆದರೆ ಅವರು ಕೈ ಹಿಡಿದಿರಲಿಲ್ಲ, ಹತ್ತಿರ ಕೂತೂ ಇರಲಿಲ್ಲ. ಒಬ್ಬರ ಹಿಂದೆ ಒಬ್ಬರು ನಡೆಯುತ್ತಿದ್ದರು. ಅಷ್ಟು ದೂರ ಹೋಗುವರು, ತಿರುಗುವರು, ಮತ್ತೆ ಬರುವರು. ಒಮ್ಮೆ ಅವಳು ಮುಂದೆ, ಒಮ್ಮೆ ಅವನು ಮುಂದೆ. ಮಧ್ಯೆ ಮಧ್ಯೆ ನಿಂತು ಒಬ್ಬರ ಕಾಲನ್ನು ಒಬ್ಬರು ತೋರಿಸಿ ಏನೋ ವಾದ. ಎಫಿ ಮೊಣಕಾಲು ನೋಯುವ ತನಕ ನೋಡಿದಳು. ಏನೂ ತಿಳಿಯಲಿಲ್ಲ.

ಮನೆಗೆ ಬಂದು ಹೆಕ್ಟರ್‌ಗೆ ಹೇಳಿದಳು.

‘ಏನು ಮಾಡ್ತಿದ್ರು?’ ಎಂದು ಅವನು ಕೇಳಿದ.

‘ನಡೀತಾ ಇದ್ರು.’

‘ಎಲ್ಲಿಗೆ?’

‘ಎಲ್ಲಿಗೂ ಇಲ್ಲ. ಹೋಗೋದು ಬರೋದು, ಹೋಗೋದು ಬರೋದು.’

‘ನಡೆಯೋದಕ್ಕೂ ನಿನ್ನ ಅಪ್ಪಣೆ ಬೇಕೇನೇ ಈಗ?’

‘ಜಗಳ ಆಗಿರ್ಬೇಕು. ಇಲ್ಲದಿದ್ರೆ ಎಷ್ಟು ಹೆಜ್ಜೆಗೆ ಹಡಗು ಕಟ್ಟೆ ಸಿಗುತ್ತೆ ಅಂತ ಲೆಕ್ಕ ಹಾಕ್ತಿರ್ಬೇಕು. ನೀವು ನಗಬೇಡಿ.’

‘ನಾನೆಲ್ಲಿ ನಕ್ಕೆ?’ ಎಂದ ಹೆಕ್ಟರ್. ಅವನು ಮುಖವನ್ನು ಬಲೆಯ ಕಡೆ ತಿರುಗಿಸಿಕೊಂಡಿದ್ದ.

ಕ್ಯಾಥಿಯನ್ನು ಕೇಳಿದರೆ ಅವಳು ‘ನಂಗೇನು ಗೊತ್ತು ಅತ್ತಿಗೆ, ನನ್ನ ಕಣ್ಣೇ ಸರಿಯಿಲ್ಲ’ ಎಂದಳು. ಸೂಜಿಗೆ ದಾರ ಪೋಣಿಸುತ್ತಾ ಈ ಮಾತು ಹೇಳಿದಳು. ಹ್ಯಾಲೋವೀನ್‌ಗೆ ಇನ್ನೇನು ಎರಡು ದಿನ ಎನ್ನುವಾಗ ಅಂಗಡಿಯ ವ್ಯಾನಿನ ಹತ್ತಿರ ಫಿನ್ಲೇಯೇ ಎದುರಾದ. ಎಫಿ ಬುಟ್ಟಿಯನ್ನು ಸೊಂಟಕ್ಕೆ ಇಟ್ಟುಕೊಂಡು ದಾರಿಗೆ ಅಡ್ಡ ನಿಂತಳು.

‘ಏನೋ ಫಿನ್ಲೇ, ಹ್ಯಾಲೋವೀನ್‌ಗೆ ಎಲ್ಲಿರ್ತೀಯ?’

‘ಎಲ್ಲಿರ್ಲಿ ಹೇಳಿ ಎಫಿಯಮ್ಮ?’

‘ನನ್ನ ಗೇಟಿಂದ ದೂರ ಇರು.’

‘ಓ, ಆ ಗೇಟು ಇನ್ನೂ ಇದೆಯಾ? ಆವತ್ತು ಈಜಿ ತಂದು ವಾಪಸ್ ನಿಲ್ಲಿಸಿದವನೂ ನಾನೇ. ಅದನ್ನ ಯಾರೂ ನೆನಪಿಡಲ್ಲ ನೋಡಿ’ ಎಂದು ಹಲ್ಲು ಕಿರಿದು, ಒಂದು ಸಣ್ಣ ಪೊಟ್ಟಣವನ್ನು ಜೇಬಿಗೆ ತುರುಕಿಕೊಂಡು ಹೋದ.

‘ಏನು ತಗೊಂಡ ಅವನು?’ ಎಂದು ಎಫಿ ವ್ಯಾನಿನವನನ್ನು ಕೇಳಿದಳು.

ವ್ಯಾನಿನವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. ‘ಹೆಂಗಸರ ಕಾಲುಚೀಲ. ತೆಳ್ಳನೇದು. ಒಳ್ಳೇದೇ ಕೊಡಿ ಅಂದ.’

ಮನೆಯಲ್ಲಿ ಹೆಂಗಸೇ ಇಲ್ಲದ ಹುಡುಗ. ಅವನಿಗೆ ಎಂಟು ತುಂಬುವ ಮೊದಲೇ ತಾಯಿ ತೀರಿಹೋಗಿದ್ದಳು. ಇನ್ನು ಆ ಕಾಲುಚೀಲ ಯಾರಿಗೆಂದು ಎಫಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ದಿನ ಅವಳು ಬ್ರೆಡ್ಡು ಒತ್ತಿ ನೋಡುವುದನ್ನೂ ಮರೆತಳು.

ಹ್ಯಾಲೋವೀನ್ ದಿನ ಮಾರ್ಸಲಿ ಮಧ್ಯಾಹ್ನವೇ ಕ್ಯಾಥಿಯ ಮನೆಗೆಂದು ಹೊರಟಳು. ಎಫಿ ತಡೆಯಲಿಲ್ಲ. ಮಗಳು ಆಚೆ ದಾಟಿದ ಕೂಡಲೇ ಅವಳ ಒಳ್ಳೆಯ ಶೂಗಳನ್ನು ತನ್ನ ಹಾಸಿಗೆಯ ಕೆಳಗೆ ಅಡಗಿಸಿಟ್ಟಳು. ಗ್ಲಾಸ್ಗೋಗೆ ಗಮ್‌ಬೂಟಿನಲ್ಲಿ ಯಾರೂ ಓಡಿಹೋಗುವುದಿಲ್ಲ ಎಂಬುದು ಅವಳ ತರ್ಕ. ಆಮೇಲೆ ದೊಡ್ಡ ಬಟ್ಟಲಿಗೆ ಕೆನೆ ಕಡೆದು ಹಾಕಿ, ಓಟ್ಸ್ ಹಿಟ್ಟು ಬೆರೆಸಿ, ಅದರೊಳಗೆ ಉಂಗುರವನ್ನೂ ಗುಂಡಿಯನ್ನೂ ಹೊಲಿಗೆಯ ಬೆರಳಟೊಪ್ಪಿಯನ್ನೂ ಹುದುಗಿಸಿದಳು. ಎಲ್ಲರೂ ಒಂದೇ ಬಟ್ಟಲಿಗೆ ಚಮಚ ಹಾಕಿ ತಿನ್ನುವಾಗ ಉಂಗುರ ಸಿಕ್ಕವರಿಗೆ ಮದುವೆ, ಉಳಿದ ಎರಡು ಸಿಕ್ಕವರಿಗೆ ಒಂಟಿ ಬಾಳು. ಈ ವರ್ಷ ಉಂಗುರ ಹಾಕದೆ ಬಿಡೋಣವೇ ಎಂದು ಅವಳಿಗೆ ಒಂದು ಗಳಿಗೆ ಅನ್ನಿಸಿತು. ಹಾಗೆ ಮಾಡಿದರೆ ಮಕ್ಕಳು ಬಟ್ಟಲು ಬಗೆದು ನೋಡುತ್ತಾರೆಂದು ಹಾಕಿದಳು.

ಮೊದಲು ಪುಟಾಣಿಗಳು ಬಂದರು. ಅವಳು ಒಬ್ಬೊಬ್ಬರನ್ನೇ ಹೆಸರು ಹಿಡಿದು, ಗಲ್ಲ ಹಿಂಡಿ, ಸೇಬು ಕೊಟ್ಟು ಕಳಿಸಿದಳು. ಆಟದಲ್ಲಿ ಅವಳ ಮನಸ್ಸಿರಲಿಲ್ಲ. ಕಿವಿಯೆಲ್ಲ ಹೊರಗಿನ ದಾರಿಯ ಮೇಲಿತ್ತು.

ಆಮೇಲೆ ದೊಡ್ಡವರ ಗುಂಪು ಬಂತು. ಐದು ಜನ. ಮೂವರನ್ನು ಅವಳು ಕೂತಲ್ಲಿಂದಲೇ ಹೇಳಿ ಮುಗಿಸಿದಳು. ಪೋಸ್ಟಿನವನ ಮಗ, ಅವನ ದಾಯಾದಿ, ಟೀಚರಮ್ಮನ ತಂಗಿ. ಮೂವರೂ ಮುಖ ತೆಗೆದು ಗೋಡೆಗೆ ಒರಗಿದರು. ಉಳಿದವರಿಬ್ಬರು. ಒಬ್ಬರದು ಎಫಿಯ ಕಂದು ಕೋಟು, ಚೌಕ, ಕಾಲಿಗೆ ಹೆಂಗಸರ ತೆಳ್ಳನೆಯ ಕಾಲುಚೀಲ, ಭುಜದ ಮೇಲೆ ಕರಿ ಟಗರಿನ ತೊಗಲು. ಪಾದ ಒಳಮುಖವಾಗಿ ಇಡುತ್ತಾ, ಎಡ ಹಿಮ್ಮಡಿಯನ್ನು ಸ್ವಲ್ಪ ಎಳೆಯುತ್ತಾ ಬಂದು, ಒಲೆಯ ಪಕ್ಕದ ತಗ್ಗು ಮಣೆಯನ್ನು ಕಾಲಿನಿಂದಲೇ ಎಳೆದುಕೊಂಡು ಕೂತ ರೀತಿ ನೋಡಿದರೆ ಮಾರ್ಸಲಿ ಎಂದು ಕುರುಡರೂ ಹೇಳಬಹುದಿತ್ತು. ಇನ್ನೊಬ್ಬನದು ಮೀನುಗಾರರ ಎಣ್ಣೆಬಟ್ಟೆಯ ಕೋಟು, ದಪ್ಪ ಬೂಟು, ಅಗಲ ಭುಜ. ದೋಣಿಯಲ್ಲಿ ನಿಂತವರ ಹಾಗೆ ಕಾಲು ಅಗಲಿಸಿ ತೂಗುತ್ತಾ ನಡೆದು ಬಾಗಿಲ ಹತ್ತಿರ ನಿಂತ. ಪಕ್ಕಾ ಫಿನ್ಲೇ. ಸೊಕ್ಕು ಕೂಡ ಅವನದೇ. ಕೋಟಿನ ಕೆಳಗೆ ಕಂಡದ್ದು ಹೆಕ್ಟರ್‌ನ ಭಾನುವಾರದ ಪ್ಯಾಂಟು.

‘ಅಳಿಯನಾಗೋಕೆ ಮುಂಚೆಯೇ ಮಾವನ ಪ್ಯಾಂಟು’ ಎಂದುಕೊಂಡಳು ಎಫಿ. ಅವಳ ಮೈಯೆಲ್ಲ ಉರಿಯಿತು.

ಆದರೂ ಮೊದಲು ಮಗಳು. ಅವಳು ಹೆಸರು ಹೇಳಲಿಲ್ಲ. ಹೇಳಿದರೆ ಮುಖ ತೆಗೆಯುತ್ತಾಳೆ, ಮುಖ ತೆಗೆದರೆ ಮತ್ತೆ ಅದೇ ಸರಿಯಾದ ಉತ್ತರಗಳು ಬರುತ್ತವೆ. ತನ್ನ ಕುರ್ಚಿಯನ್ನು ಮಣೆಯ ಹತ್ತಿರಕ್ಕೆ ಎಳೆದುಕೊಂಡು, ಕಾಲುಚೀಲ ತೊಟ್ಟ ಕೈಯನ್ನು ತನ್ನ ಕೈಯಲ್ಲಿ ಹಿಡಿದು, ಬೇರೆಯವರಿಗೆ ಕೇಳದಂತೆ ಕಿವಿಯ ಹತ್ತಿರ ಬಗ್ಗಿದಳು.

‘ಸುಮ್ಮನೆ ಕೇಳು. ಮಾತಾಡ್ಬೇಡ. ನಂಗೆಲ್ಲಾ ಗೊತ್ತು. ಮರಳಲ್ಲಿ ನಡೆದಿದ್ದು ಗೊತ್ತು, ಕಾಲುಚೀಲ ಕೊಂಡಿದ್ದು ಗೊತ್ತು, ಪ್ಯಾಂಟು ಎಲ್ಲಿದೆ ಅನ್ನೋದೂ ಕಾಣ್ತಿದೆ. ಹೋಗೋ ಹಾಗಿದ್ರೆ ಹೇಳಿ ಹೋಗು ಮಗಾ. ಮುಖ ಮುಚ್ಕೊಂಡು ಹೋಗ್ಬೇಡ. ಅಷ್ಟೇ ನಾನು ಕೇಳೋದು.’

ಮಣೆಯ ಮೇಲಿನ ವೇಷ ಅಲುಗಾಡದೆ ಕೂತಿತ್ತು.

‘ಆ ಹುಡುಗನ ಮೇಲೆ ನಂಗೆ ಸಿಟ್ಟಿದೆ ಅಂದ್ಕೊಂಡಿದ್ದೀಯಾ? ಇದೆ. ಆದ್ರೆ ಅವನು ಕೆಟ್ಟವನಲ್ಲ. ಅವನಮ್ಮ ತೀರಿಹೋದ ವರ್ಷ ಹ್ಯಾಲೋವೀನ್‌ಗೆ ಒಬ್ಬನೇ ಬಂದ. ಸಾವಿನ ಮನೆಯವರು ವೇಷ ಹಾಕ್ಬಾರದು, ಅಪ್ಪನಿಗೆ ಹೇಳದೆ ಕದ್ದು ಬಂದಿದ್ದ. ಬಾಗಿಲಿಗೆ ಬರೋದ್ರೊಳಗೆ ಗೊತ್ತಾಯ್ತು ನಂಗೆ. ಕಾಲುಚೀಲ ಒಳಹೊರಗಾಗಿ ಹಾಕ್ಕೊಂಡಿದ್ದ, ಸರಿ ಮಾಡೋರು ಯಾರೂ ಇರ್ಲಿಲ್ಲವಲ್ಲ. ಹೆಸರು ಹೇಳಿದ್ರೆ ಮುಖ ತೆಗೀಬೇಕಾಗ್ತಿತ್ತು. ಒಳಗೆ ಅಳ್ತಿದ್ದ ಕಣೇ ಅವನು. ಅದಕ್ಕೇ ಯಾರಪ್ಪಾ ಗೊತ್ತಾಗ್ತಿಲ್ಲ ಅಂತ ಸುಮ್ಮನಾದೆ. ಹೊಟ್ಟೆ ತುಂಬ ತಿಂದ. ಇವತ್ತಿಗೂ ನನ್ನ ಸೋಲಿಸಿದೆ ಅಂತ ಊರೆಲ್ಲಾ ಹೇಳ್ಕೊಂಡು ತಿರುಗ್ತಾನೆ, ಹೇಳ್ಕೊಳ್ಳಲಿ. ನೀನೂ ಹೇಳ್ಬೇಡ ಅವನಿಗೆ.’

ಅವಳ ಕೈಯೊಳಗಿನ ಕೈ ಬಿಗಿಯಾಯಿತು. ಮಗಳಿಗೆ ಮಾತು ತಾಕಿತು ಎಂದುಕೊಂಡು ಎಫಿ ಎದ್ದಳು. ಮನಸ್ಸು ಹಗುರವಾಗಿತ್ತು, ಆದ್ದರಿಂದ ಸಿಟ್ಟನ್ನೆಲ್ಲ ಬಾಗಿಲ ಹತ್ತಿರ ನಿಂತವನ ಕಡೆ ತಿರುಗಿಸಲು ಸುಲಭವಾಯಿತು. ಒಲೆ ಕೆದಕುವ ಸಲಾಕೆಯನ್ನು ಎತ್ತಿಕೊಂಡು ಅವನೆದುರು ನಿಂತಳು.

‘ಇನ್ನು ನಿನ್ನ ಸರದಿ. ಫಿನ್ಲೇ! ತೆಗಿ ಮುಖ.’

ಎಣ್ಣೆಬಟ್ಟೆಯವನು ಇಲ್ಲವೆಂದು ತಲೆಯಾಡಿಸಿದ.

‘ಆಟ ಆಡ್ಬೇಡ. ನೀನೇ ಅಂತ ನಿನ್ನ ಬೂಟೇ ಹೇಳುತ್ತೆ. ತೆಗಿ ಅಂದ್ರೆ ತೆಗಿ.’

ಅವನು ಮತ್ತೆ ತಲೆಯಾಡಿಸಿ, ಉಸಿರು ಒಳಕ್ಕೆಳೆದುಕೊಂಡು ಹೇಳಿದ: ‘ಇನ್ನೊಂದು ಸಲ ನೋಡಿ.’

ಗೋಡೆಗೆ ಒರಗಿದ್ದವರು ಬಾಯಿಗೆ ಕೈ ಅಡ್ಡ ಹಿಡಿದಿದ್ದರು. ಹೆಕ್ಟರ್ ಬಲೆ ಕೆಳಗಿಟ್ಟಿದ್ದ. ಎಫಿ ಹತ್ತಿರ ಹೋಗಿ ಆ ಕಾಲುಚೀಲದ ಎರಡು ತೂತಿನೊಳಗೆ ನೋಡಿದಳು. ಅದರೊಳಗಿನ ಕಣ್ಣು ತನ್ನ ಗಂಡನ ಕಣ್ಣಿನ ಹಾಗೆ ಬೂದುಬಣ್ಣದ್ದು. ಸಲಾಕೆ ಅವಳ ಕೈಯಿಂದ ಕೆಳಗೆ ಬಿತ್ತು.

‘ನೀನಾ?’ ಎಂದಳು.

ಮಾರ್ಸಲಿ ಕಾಲುಚೀಲ ಎಳೆದು ತೆಗೆದಳು. ಬೆವರಿಗೆ ಕೂದಲು ಹಣೆಗೆ ಅಂಟಿತ್ತು. ‘ಗೆದ್ದೆ! ಗೆದ್ದೆ ಅಮ್ಮಾ! ಹದಿಮೂರು ವರ್ಷ! ಹದಿಮೂರು ವರ್ಷ ಬಾಗಿಲಲ್ಲೇ ಹೆಸರು ಹೇಳಿ ಕೂರಿಸ್ತಿದ್ದೆಯಲ್ಲ!’ ಎಂದು ಹೆಕ್ಟರ್‌ನ ಪ್ಯಾಂಟಿನಲ್ಲಿ ಅಡುಗೆಮನೆಯ ತುಂಬ ಕುಣಿದಳು. ಎಲ್ಲರೂ ನಕ್ಕರು. ಬೂಟಿನೊಳಗೂ ಕೋಟಿನ ಭುಜದೊಳಗೂ ತುಂಬಿದ್ದ ಹುಲ್ಲು ಹೊರಗೆ ಬಂದು ನೆಲಕ್ಕೆಲ್ಲ ಹರಡಿತು.

ಎಫಿ ನಗಲಿಲ್ಲ. ಅವಳು ನಿಧಾನವಾಗಿ ಒಲೆಯ ಕಡೆ ತಿರುಗಿದಳು. ಮಣೆಯ ಮೇಲೆ ಕಂದು ಕೋಟಿನವನು ಇನ್ನೂ ಹಾಗೆಯೇ ಕೂತಿದ್ದ. ಹೆಸರು ಹೇಳುವ ಅಗತ್ಯ ಇನ್ನಿರಲಿಲ್ಲ. ಅವಳು ಹೇಳಲೂ ಇಲ್ಲ. ಅವನು ಎದ್ದ, ಮುಖ ತೆಗೆಯದೆಯೇ ಅವಳನ್ನು ದಾಟಿ ಹೊರಗೆ ಹೋದ.

‘ಅವನಿಗೇನಾಯ್ತು?’ ಎಂದಳು ಮಾರ್ಸಲಿ.

‘ಸೆಖೆ ಆಗಿರ್ಬೇಕು’ ಎಂದು ಎಫಿ ಬಟ್ಟಲನ್ನು ಅವರ ಕೈಗೆ ಕೊಟ್ಟು ತಾನೂ ಹೊರಗೆ ಹೋದಳು.

ಪೀಟಿನ ರಾಶಿಯ ಪಕ್ಕದಲ್ಲಿ ಅವನು ನಿಂತಿದ್ದ. ಕಾಲುಚೀಲವನ್ನು ಹಣೆಯ ತನಕ ಮೇಲಕ್ಕೆ ಸರಿಸಿದ್ದ. ಸಮುದ್ರದ ಕಡೆಯಿಂದ ಗಾಳಿ ಬೀಸುತ್ತಿತ್ತು. ಎಫಿ ಕೈಗಳನ್ನು ಏಪ್ರನ್ನಿನಲ್ಲಿ ಸುತ್ತಿಕೊಂಡು ಅವನ ಪಕ್ಕದಲ್ಲಿ ನಿಂತಳು.

‘ನಾನು ಏನೂ ಕೇಳಿಸಿಕೊಳ್ಳಲಿಲ್ಲ ಎಫಿಯಮ್ಮ’ ಎಂದ ಫಿನ್ಲೇ.

‘ಸುಳ್ಳು ಹೇಳ್ಬೇಡ. ನನ್ನ ಹತ್ತಿರ ಸುಳ್ಳು ಹೇಳಿ ಯಾರೂ ಉದ್ಧಾರವಾಗಿಲ್ಲ.’

‘ಇವತ್ತಿನ ತನಕ’ ಎಂದು ಅವನು ಅವಳ ಕೋಟನ್ನು ತೋರಿಸಿದ. ಇಬ್ಬರೂ ಸ್ವಲ್ಪ ನಕ್ಕರು. ಆಮೇಲೆ ಅವನು ಕೇಳಿದ: ‘ಮೊದಲೇ ಗೊತ್ತಾಗಿತ್ತಾ? ಬಾಗಿಲಿಗೆ ಬರೋದ್ರೊಳಗೇ?’

‘ಹೂಂ.’

‘ಆವತ್ತು ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ, ಎಫಿಯಮ್ಮನ್ನ ಸೋಲಿಸಿದೆ ಅಂತ. ಹೊಡೀತಾನೆ ಅಂದ್ಕೊಂಡಿದ್ದೆ. ನಕ್ಕುಬಿಟ್ಟ. ಅಮ್ಮ ಹೋದ ಮೇಲೆ ಅವನು ನಕ್ಕಿದ್ದು ಅದೇ ಮೊದಲು.’

ಎಫಿ ಅವನು ತೊಟ್ಟ ಕೋಟಿನ ತೋಳನ್ನು ಹಿಡಿದು ನೋಡಿದಳು. ‘ಆವತ್ತಿಂದು ಬಿಡು. ಇವತ್ತಿಂದು ನಿಜವಾದ ಗೆಲುವು. ಅದನ್ನ ಹೇಳ್ಕೊಂಡು ತಿರುಗು, ಯಾರು ಬೇಡ ಅಂತಾರೆ? ಒಳಗೆ ಬಾ, ಮೊದಲು ಆ ಕೋಟು ಬಿಚ್ಚು. ತೋಳು ಹರಿದಿದ್ದೀಯ’ ಎಂದಳು.

ಅವರು ಒಳಗೆ ಹೋಗುವಷ್ಟರಲ್ಲಿ ಬಟ್ಟಲು ಬರಿದಾಗಿತ್ತು. ಉಂಗುರ ಸಿಕ್ಕಿದ್ದು ಪೋಸ್ಟಿನವನ ಮಗನಿಗೆ. ಅವನು ಅದನ್ನು ಕಚ್ಚಿ ಹಲ್ಲು ನೋಯಿಸಿಕೊಂಡು ಕೂತಿದ್ದ.

ಎಲ್ಲರೂ ಹೋದ ಮೇಲೆ ಎಫಿ ಮಗಳನ್ನು ಎದುರು ಕೂರಿಸಿಕೊಂಡಳು.

‘ನಿನಗೂ ಅವನಿಗೂ ಏನು?’

‘ಏನೂ ಇಲ್ಲಮ್ಮಾ. ಅವನ ನಡಿಗೆ ನಾನು ಕಲೀಬೇಕಿತ್ತು, ನನ್ನದು ಅವನು ಕಲೀಬೇಕಿತ್ತು. ಎಡ ಹಿಮ್ಮಡಿ ಎಳೀತೀನಿ ಅಂತ ಅವನು ಹೇಳೋ ತನಕ ನನಗೇ ಗೊತ್ತಿರ್ಲಿಲ್ಲ ನೋಡು.’

‘ಅಷ್ಟೇನಾ?’

‘ಅಷ್ಟೇ.’

‘ಒಬ್ಬ ಹುಡುಗ ಹುಡುಗಿಯ ಹಿಮ್ಮಡಿಯನ್ನ ಅಷ್ಟು ದಿನ ನೋಡಿ, ಅಷ್ಟೇ ಅಂದ್ರೆ ನಾನು ನಂಬಬೇಕಾ?’

ಮಾರ್ಸಲಿ ಒಲೆಯ ಕಡೆ ನೋಡತೊಡಗಿದಳು. ಅದುವರೆಗೆ ಅವಳಿಗೆ ಆ ಕೋನದಿಂದ ಯೋಚನೆಯೇ ಬಂದಿರಲಿಲ್ಲ ಎಂದು ಆಮೇಲೆ ಅವಳು ಆಣೆ ಇಟ್ಟು ಹೇಳುತ್ತಿದ್ದಳು. ಎಫಿ ಅದನ್ನು ಸಾಯುವ ತನಕ ನಂಬಲಿಲ್ಲ.

ಹಾಸಿಗೆಗೆ ಬಂದ ಮೇಲೆ ಅವಳು ಹೆಕ್ಟರ್‌ನ ಕಡೆ ತಿರುಗಿದಳು. ‘ನಿಮಗೆ ಮೊದಲೇ ಗೊತ್ತಿತ್ತು.’

‘ಪ್ಯಾಂಟು ನನ್ನದಲ್ವೇನೇ’ ಎಂದ ಹೆಕ್ಟರ್.

‘ಇಷ್ಟು ದಿನ ಪಕ್ಕದಲ್ಲೇ ಮಲಗಿ, ಒಂದು ಮಾತು ಹೇಳ್ಲಿಲ್ಲ.’

‘ನೀನು ಕೇಳಿದ್ದು ಪ್ಯಾಂಟು ಎಲ್ಲಿ ಅಂತ. ಯಾಕೆ ಅಂತ ಕೇಳ್ಲಿಲ್ಲ.’

ಎಲ್ಲದಕ್ಕೂ ಯಾಕೆ ಎನ್ನುವವಳಿಗೆ ಈ ಮಾತು ತುಂಬ ಚುಚ್ಚಿತು. ವಾರವಿಡೀ ಅವಳು ಗಂಡನ ಚಹಾಕ್ಕೆ ಸಕ್ಕರೆ ಹಾಕಲಿಲ್ಲ.

ಚಳಿಗಾಲದಲ್ಲಿ ಫಿನ್ಲೇ ಬರತೊಡಗಿದ. ಒಂದು ದಿನ ಏಡಿ ತಂದ, ಇನ್ನೊಂದು ದಿನ ಗೇಟಿನ ಕೀಲಿಗೆ ಎಣ್ಣೆ ಬಿಟ್ಟ. ಎಫಿ ಏಡಿಯನ್ನು ತಿರುಗಿಸಿ ತಿರುಗಿಸಿ ನೋಡಿ, ‘ಇದು ಯಾತಕ್ಕೆ?’ ಎನ್ನುವಳು. ‘ತಿನ್ನೋದಕ್ಕೆ’ ಎನ್ನುವನು ಅವನು. ಬೇಸಿಗೆ ಬರುವಷ್ಟರಲ್ಲಿ ಯಾತಕ್ಕೆ ಎಂಬುದು ಊರಿಗೆಲ್ಲ ಗೊತ್ತಾಗಿತ್ತು. ಮರುವರ್ಷದ ಬೇಸಿಗೆಯಲ್ಲಿ ಮದುವೆಯಾಯಿತು. ಯಾರೂ ಹಡಗು ಹತ್ತಿ ಎಲ್ಲಿಗೂ ಹೋಗಲಿಲ್ಲ. ದಡದ ಮೇಲೆಯೇ, ಎಫಿಯ ಕಿಟಕಿಗೆ ಕಾಣುವಷ್ಟು ಹತ್ತಿರದಲ್ಲಿ ಮನೆ ಮಾಡಿದರು. ಅಷ್ಟು ಹತ್ತಿರ ಯಾಕೆ ಮಾಡಿದರೆಂದು ಅವಳು ಕೆಲವು ದಿನ ಯೋಚಿಸಿದಳು.

ಆ ವರ್ಷದ ಹ್ಯಾಲೋವೀನ್ ಸಂಜೆ ಮಾರ್ಸಲಿ ಬರಿಮುಖದಲ್ಲಿ ಬಂದು, ಅಮ್ಮನ ಪಕ್ಕದ ಬೆಂಚಿನ ಮೇಲೆ ಕೂತಳು.

‘ವೇಷ ಇಲ್ವಾ?’ ಎಂದಳು ಎಫಿ.

‘ಮದುವೆಯಾದೋರು ಹಾಕ್ತಾರಾ ಅಮ್ಮಾ? ಇನ್ನು ನಾನೂ ಈ ಕಡೆಯೇ.’

ಎಫಿ ಸೇಬಿನ ಬುಟ್ಟಿಯನ್ನು ಇಬ್ಬರ ನಡುವೆ ಇಟ್ಟಳು. ದೀಪಗಳು ದಾರಿಯಲ್ಲಿ ಬಂದವು, ಪುಟಾಣಿಗಳು ನುಗ್ಗಿದರು. ಎಫಿಯ ಕಣ್ಣು ಅಭ್ಯಾಸಬಲದಿಂದ ಒಂದೊಂದೇ ಕಾಲನ್ನು ನೋಡುತ್ತಾ ಹೋಯಿತು. ಎಡ ಹಿಮ್ಮಡಿ ಎಳೆಯುವವರು ಆ ಗುಂಪಿನಲ್ಲಿ ಯಾರೂ ಇರಲಿಲ್ಲ. ಪಕ್ಕದಲ್ಲೇ ಮಗಳು ಕೂತಿದ್ದಾಳೆಂದು ಗೊತ್ತಿದ್ದರೂ ಅವಳು ಕೊನೆಯವನ ತನಕ ಹುಡುಕಿದಳು.

ಕೊನೆಯದೊಂದು ತೀರ ಚಿಕ್ಕದು. ತಲೆಗೆ ದಿಂಬಿನ ಚೀಲ ಹಾಕಿಕೊಂಡು, ತೂತು ಕಣ್ಣಿಗೆ ಸರಿಯಾಗಿ ಬಾರದೆ, ಮೇಜಿಗೆ ಡಿಕ್ಕಿ ಹೊಡೆದು ನಿಂತಿತು.

‘ಅದು ಟೀಚರಮ್ಮನ ಕಿರಿಯವನು’ ಎಂದು ಮಾರ್ಸಲಿ ಬಾಯಿ ತೆರೆದಳು.

ಎಫಿ ಅವಳ ತೊಡೆಯ ಮೇಲೆ ಕೈಯಿಟ್ಟು ಒತ್ತಿದಳು. ‘ಸುಮ್ಮನಿರೇ. ಅಷ್ಟು ಬೇಗ ಹೇಳ್ಬಾರದು. ಈಗ ತಾನೇ ಒಳಗೆ ಬಂದಿದೆ ಮಗು.’